ಸಮುದ್ರದ ಪಾಠ, ನಾಗಪುರದಲ್ಲಿ

ರೈಲ್ವೆ ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ, ಗಮನಿಸಿದ್ದೀರಾ? ಈ ಊರು ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರದಲ್ಲಿದೆ ಎಂಬ ಸಾಲು. ಇಳಿಯುವವರು ಹೆಸರು ಓದಿ ಪೆಟ್ಟಿಗೆ ಎತ್ತಿಕೊಳ್ಳುತ್ತಾರೆ. ನಾನು ಮಾತ್ರ ಆ ಸಾಲನ್ನು ಓದದೆ ಎಲ್ಲಿಯೂ ಇಳಿದವಳಲ್ಲ. ಮದುವೆಯಾಗಿ ಮೊದಲ ಸಲ ನಾಗಪುರಕ್ಕೆ ಬಂದಾಗ, ಮುನ್ನೂರು ಮೀಟರಿಗೂ ಮೇಲೆ ಎಂದು ಓದಿ, ‘ನಮ್ಮೂರಲ್ಲಾದರೆ ಇದು ಸೊನ್ನೆಗೆ ಹತ್ತಿರ’ ಎಂದು ಗಂಡನ ಮುಂದೆ ಜಂಬ ಕೊಚ್ಚಿದ್ದೆ. ಸೊನ್ನೆಯಲ್ಲಿ ಹೆಮ್ಮೆಪಡುವಂಥದ್ದೇನಿದೆ ಎಂದು ಧಾರವಾಡ ಕಡೆಯ ಅವರಿಗೆ ಅನಿಸಿರಬೇಕು. ಹೊಸ ಹೆಂಡತಿ ಎಂದು ನಕ್ಕು ಪೆಟ್ಟಿಗೆ ಎತ್ತಿಕೊಂಡರು.

ಈ ಮಟ್ಟ ಎನ್ನುವುದೇ ತಮಾಷೆ. ಸಮುದ್ರ ಒಂದು ಗಳಿಗೆ ಸುಮ್ಮನೆ ನಿಲ್ಲುವುದಿಲ್ಲ. ದಿನವೂ ಏರುತ್ತದೆ, ಇಳಿಯುತ್ತದೆ. ವರ್ಷಗಟ್ಟಲೆ ಅಳೆದು, ಸರಾಸರಿ ತೆಗೆದು, ‘ಇದೇ ನಿನ್ನ ಮಟ್ಟ’ ಎಂದು ಅದಕ್ಕೆ ಹೇಳಿದವರು ನಾವು. ಈಗ ಆ ಸರಾಸರಿಯೇ ಮೇಲಕ್ಕೆ ಸರಿಯುತ್ತಿದೆ. ಹಾಗೆ ನೋಡಿದರೆ ನಾಗಪುರದವರು ಕೂತಲ್ಲೇ ಕೂತು ಕೂದಲೆಳೆಯಷ್ಟು ಕೆಳಗಿಳಿಯುತ್ತಿದ್ದಾರೆ. ಫಲಕ ಬರೆಯುವ ಪೇಂಟರನಿಗೆ ಈ ಸುದ್ದಿ ಯಾರೂ ಮುಟ್ಟಿಸಿಲ್ಲ.

ನಾನು ಭೂಗೋಳದ ಟೀಚರ್. ಸಮುದ್ರವನ್ನೇ ನೋಡದ ಮಕ್ಕಳಿಗೆ ಸಮುದ್ರದ ಪಾಠ ಹೇಳುವುದು ನನ್ನ ಹೊಟ್ಟೆಪಾಡು. ಒಂದು ವರ್ಷ ಎಂಟನೇ ತರಗತಿಗೆ ಭಾರೀ ಉತ್ಸಾಹದಿಂದ ಒಂದು ಸ್ಟೀಲ್ ಲೋಟ, ಫ್ಲಾಸ್ಕಿನಲ್ಲಿ ಐಸು ಹೊತ್ತುಕೊಂಡು ಹೋದೆ. ಲೋಟದ ಅಂಚಿನವರೆಗೆ ನೀರು, ಅದರಲ್ಲಿ ತೇಲುವ ಐಸು. ‘ಇದು ಕರಗಿದರೆ ಏನಾಗುತ್ತದೆ, ನೋಡುತ್ತಿರಿ’ ಎಂದೆ. ನಾಗಪುರದ ಏಪ್ರಿಲ್, ಕರಗಲು ಎಷ್ಟು ಹೊತ್ತು? ಇಡೀ ಕ್ಲಾಸು ಮೇಜಿನ ಸುತ್ತ ಬಗ್ಗಿ ನಿಂತಿತ್ತು. ಒಂದು ಹನಿಯೂ ಚೆಲ್ಲಲಿಲ್ಲ. ‘ಮ್ಯಾಡಮ್, ಪಾಣೀ ಸಾಂಡಲಂಚ ನಾಹೀ’ ಎಂದಳು ಮುಂದಿನ ಬೆಂಚಿನ ಹುಡುಗಿ, ನೀರು ಚೆಲ್ಲಲೇ ಇಲ್ಲವಲ್ಲ ಎಂದು. ತೇಲುವ ಐಸು ತನ್ನ ಜಾಗವನ್ನು ಮೊದಲೇ ಹಿಡಿದುಕೊಂಡಿರುತ್ತದೆ ಎಂದು ಎಷ್ಟೋ ವರ್ಷ ನಾನೇ ಓದಿಸಿದ್ದೆ, ಕೈಯಾರೆ ಮಾಡುವಾಗ ಮರೆತಿದ್ದೆ. ಮರುದಿನ ತುಂಬಿದ ಲೋಟದ ಮೇಲೆ ಚಹಾ ಸೋಸುವ ಜಾಲರಿ ಇಟ್ಟು ಅದರಲ್ಲಿ ಐಸು ಹಾಕಿದೆ. ನೆಲದ ಮೇಲೆ ಕೂತ ಹಿಮ ಎಂದರೆ ಇದು. ಈ ಸಲ ನೀರು ಧಾರಾಳವಾಗಿ ಚೆಲ್ಲಿ ಹಾಜರಿ ಪುಸ್ತಕವೂ ತೋಯ್ದಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಹಿಮ ಕರಗುವುದೊಂದೇ ಅಲ್ಲ, ಕಾದ ನೀರು ಹಿಗ್ಗುತ್ತದೆ ಕೂಡ. ಇಡೀ ಸಮುದ್ರ ಸ್ವಲ್ಪ ಬೆಚ್ಚಗಾದರೂ ಸಾಕು, ಮೈ ಬಂದವರಿಗೆ ಹಳೆಯ ರವಿಕೆ ಸಾಲದ ಹಾಗೆ ಅದಕ್ಕೆ ಹಳೆಯ ಜಾಗ ಸಾಲುವುದಿಲ್ಲ. ಬೆಚ್ಚಗೆ ಮಾಡುವವರು ಯಾರು ಎಂದು ಮಕ್ಕಳು ಕೇಳಿದಾಗ ನಾನು ಕಿಟಕಿಯ ಕಡೆ ನೋಡುವುದಿಲ್ಲ. ನಮ್ಮ ಶಾಲೆ ಊರಿನ ಉತ್ತರದ ಅಂಚಿನಲ್ಲಿದೆ, ಅಲ್ಲಿಂದ ಕೋರಾಡಿಯ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ನನ್ನ ಗಂಡನಿಗೆ ಕೆಲಸ ಅಲ್ಲಿಯೇ, ಕಲ್ಲಿದ್ದಲು ಉರಿಸುವ ಬಾಯ್ಲರಿನ ಹತ್ತಿರ. ಒಮ್ಮೆ ಮನೆಯಲ್ಲಿ ಈ ಮಾತು ತೆಗೆದೆ. ‘ಬಾಯ್ಲರ್ ಬಂದ್ ಮಾಡಿದ್ರ ನಿನ್ನ ಕೂಲರ್ ಹ್ಯಾಂಗ ನಡೀತೈತಿ? ಬರೋಬರ್ ವಿಚಾರ ಮಾಡಿ ಹೇಳು’ ಎಂದರು. ವಿಚಾರ ಮಾಡಿದೆ, ಕೂಲರಿನ ಎದುರು ಕೂತುಕೊಂಡೇ.

ಇಷ್ಟೆಲ್ಲ ಹಗುರಾಗಿ ಹೇಳುತ್ತಿದ್ದೇನೆ. ಆದರೆ ಎರಡು ವರ್ಷದಿಂದ ಒಬ್ಬರ ಮುಂದೆ ಮಾತ್ರ ಈ ಪಾಠ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ನನ್ನ ಅಕ್ಕನ ಮನೆ ಉಡುಪಿ ಕಡೆಯ ಕಡಲತೀರದಲ್ಲಿದೆ. ಮಗ, ಸೊಸೆ ಜೊತೆಗಿದ್ದಾರೆ. ಅಮ್ಮ ಹೋದ ಮೇಲೆ ನನಗೆ ತವರು ಎಂದರೆ ಆ ಮನೆಯೇ. ಪ್ರತಿ ಮೇ ತಿಂಗಳು ಅದರ ಜಗಲಿಯಲ್ಲಿ ಕೂತು ನಾಗಪುರದ ಬೇಗೆ ಮರೆಯುತ್ತಿದ್ದೆ. ಮೊದಲು ಅಂಗಳದಾಚೆಯ ಗಾಳಿಮರಗಳು ಕಡಲಪಾಲಾದವು, ಆಮೇಲೆ ದಾರಿ. ಪಕ್ಕದ ಊರಿಗೆ ಕಲ್ಲಿನ ತಡೆಗೋಡೆ ಬಂತು, ಅಲ್ಲಿ ಪೆಟ್ಟು ತಿಂದ ತೆರೆ ಇವರ ಅಂಗಳಕ್ಕೆ ತಿರುಗಿತು. ಹೊಳೆ ತಂದು ಸುರಿಯಬೇಕಾದ ಮರಳನ್ನು ಲಾರಿಗಳು ಮೊದಲೇ ಒಯ್ದಿರುತ್ತವೆ, ಇನ್ನು ತೀರ ತುಂಬಿಕೊಳ್ಳುವುದು ಯಾವುದರಿಂದ? ಒಳಗೆ ಗುಡ್ಡದ ಮೇಲಿರುವ ಜಾಗಕ್ಕೆ ಹೋಗೋಣ ಎಂದು ಸೊಸೆ ಹೇಳುತ್ತಲೇ ಇದ್ದಳು. ಅಕ್ಕ ಒಪ್ಪಿರಲಿಲ್ಲ. ‘ಎಂತ ಮಾಡುದು, ನೀನು ಹೇಳು’ ಎಂದು ನನ್ನನ್ನು ಕೇಳುವಳು. ‘ಈ ವರ್ಷ ಮಳೆ ಜಾಸ್ತಿ ಅಲ್ವಾ, ಅದಕ್ಕೆ’ ಎಂದು ನಾನು ತೇಲಿಸಿಬಿಡುತ್ತಿದ್ದೆ. ಪರೀಕ್ಷೆಯಲ್ಲಿ ಯಾವ ಮಗುವಾದರೂ ಹೀಗೆ ಬರೆದಿದ್ದರೆ ಉದ್ದಕ್ಕೆ ಕೆಂಪು ಗೆರೆ ಎಳೆಯುತ್ತಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಅವಳ ಫೋನು ಬಂತು. ‘ಬಾವಿ ನೀರು ಉಪ್ಪಾಯ್ತು ಮಾರಾಯ್ತಿ. ಇನ್ನು ಗಂಜಿಗೆ ಉಪ್ಪು ಹಾಕುದೇ ಬೇಡ’ ಎಂದಳು. ನಗಿಸಲೆಂದೇ ಹೇಳಿದ್ದು, ನನಗೆ ನಗು ಬರಲಿಲ್ಲ. ಅಂಗಳಕ್ಕೆ ಬರುವ ಕಡಲು ಕಣ್ಣಿಗೆ ಕಾಣುತ್ತದೆ. ನೆಲದಡಿಯಿಂದ ಬಾವಿಗೆ ಬರುವ ಕಡಲನ್ನು ಯಾವ ಕಲ್ಲಿನ ಗೋಡೆಯೂ ತಡೆಯುವುದಿಲ್ಲ.

‘ಇದು ಹಿಂದೆ ಹೋಗ್ತದಾ? ಮಕ್ಕಳಿಗೆ ಹೇಳುದನ್ನೇ ನನಗೂ ಹೇಳು’ ಎಂದಳು.

‘ಇಲ್ಲ ಅಕ್ಕ, ಹೋಗುದಿಲ್ಲ. ನಮ್ಮ ಕಾಲದಲ್ಲಂತೂ ಇಲ್ಲ’ ಎಂದೆ.

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ‘ಹಾಗಾದ್ರೆ ಸರಿ, ಮಳೆ ಶುರುವಾಗುದ್ರೊಳಗೆ ಹೊರಡುದು’ ಎಂದಳು. ಆಮೇಲೆ, ‘ನನಗೆ ಇದು ಯಾವಾಗ್ಲೋ ಗೊತ್ತಿತ್ತು. ಈ ಮನೆ ಬಿಟ್ರೆ ನಿನಗೆ ತವರು ಇಲ್ಲದ ಹಾಗೆ ಆಗ್ತದಲ್ಲ ಅಂತ ಕೂತಿದ್ದೆ’ ಎಂದಳು.

ನಾನು ಅವಳ ಮನಸ್ಸು ನೋಯದಿರಲೆಂದು, ಅವಳು ನನ್ನ ಮನಸ್ಸು ನೋಯದಿರಲೆಂದು, ಇಬ್ಬರೂ ಸೇರಿ ಎರಡು ಮಳೆಗಾಲ ಒಂದು ಸಂಸಾರವನ್ನೇ ನೀರಿನ ಬಾಯಲ್ಲಿ ಕೂರಿಸಿದ್ದೆವು. ಸದ್ಯ, ಸಮುದ್ರಕ್ಕೆ ನಮ್ಮಷ್ಟು ಮುಲಾಜು ಇರಲಿಲ್ಲ.