ಬಾನಿತ್ಸಾದೊಳಗಿನ ಚೀಟಿ

ಡ್ಯಾನ್ಯೂಬ್ ದಂಡೆಯ ಬಲ್ಗೇರಿಯನ್ ಊರೊಂದರ ಜಿಮ್ನಾಸ್ಟಿಕ್ಸ್ ಹಾಸ್ಟೆಲಿನಲ್ಲಿ ಸ್ಟೊಯಾಂಕಾ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದಳು. ಮಾಡಿದಳು ಅನ್ನುವುದಕ್ಕಿಂತ ತೂಗಿದಳು ಅನ್ನಬೇಕು. ತರಬೇತಿಯ ಮೇಡಂ ಬರೆದುಕೊಟ್ಟ ಗ್ರಾಂ ಮೀರಿ ಒಂದು ತುಣುಕು ಬ್ರೆಡ್ಡೂ ಹುಡುಗಿಯರ ತಟ್ಟೆಗೆ ಬೀಳುವಂತಿರಲಿಲ್ಲ. ತಂಡದಿಂದ ಕೈಬಿಟ್ಟ ಹುಡುಗಿಗೆ ಮಾತ್ರ, ಅವಳು ಊರಿಗೆ ಹೊರಡುವ ದಿನ, ತಕ್ಕಡಿ ಬದಿಗಿಟ್ಟು ಹೊಟ್ಟೆ ತುಂಬ ಬಡಿಸುತ್ತಿದ್ದಳು.

ಹದಿನಾರರ ರಾಲಿತ್ಸಾ ಬಂದ ಹೊಸದರಲ್ಲಿ ಬಾಯಿಬಡುಕಿ. "ಅಜ್ಜಿ, ನಿನ್ನ ಸೂಪಿನ ವಾಸನೆಗೇ ನನ್ನ ತೂಕ ಏರುತ್ತೆ, ಪಾತ್ರೆ ಮುಚ್ಚು!" ಎಂದು ಕಾಡುತ್ತಿದ್ದಳು. ಎರಡನೆಯ ಚಳಿಗಾಲಕ್ಕೆ ಆ ಬಾಯಿ ಕಟ್ಟಿಹೋಯಿತು. ಚಮಚ ಕೈಜಾರಿ ಬಿದ್ದರೂ ಅಳು. ಕಣ್ಣು ಮುಚ್ಚಿ ಮಾಡುತ್ತಿದ್ದ ವರಸೆಗಳೇ ಮರೆತು, ಆಟಕ್ಕೆ ಬೀಸುವ ರಿಬ್ಬನ್ ಹಿಡಿದು ಅಂಕಣದ ನಡುವೆ ನಿಂತುಬಿಡುತ್ತಿದ್ದಳು.

"ಕೊಬ್ಬು ಜಾಸ್ತಿಯಾಗಿದೆ ಇವಳಿಗೆ. ಇನ್ನೂ ಇಪ್ಪತ್ತು ಗ್ರಾಂ ಇಳಿಸು," ಎಂದಳು, ತಾನು ಮಾತ್ರ ಗಡದ್ದಾಗಿ ಉಣ್ಣುವ ಮೇಡಂ. ಸ್ಟೊಯಾಂಕಾ ಹಲ್ಲು ಕಚ್ಚಿಕೊಂಡು ಇಳಿಸಿದಳು.

ಹೊಸ ವರ್ಷದ ದಿನ, ಹಿಟ್ಟಿನ ಪದರಗಳ ನಡುವೆ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾದ ಪ್ರತಿ ತುಂಡಿನಲ್ಲೂ ಭವಿಷ್ಯದ ಚೀಟಿ ಇಡುವುದು ಪದ್ಧತಿ. ಉಳಿದವರಿಗೆ ಪದಕ, ಪ್ರಯಾಣ ಎಂದೆಲ್ಲ ಬರೆದ ಸ್ಟೊಯಾಂಕಾ ರಾಲಿತ್ಸಾಳ ತುಂಡಿಗೆ ಬೇರೆಯದೇ ಬರೆದಳು: 'ಈ ವರ್ಷ ಹೊಟ್ಟೆ ತುಂಬ ತಿನ್ನು, ಮಗಳೇ.' ಒಮ್ಮೆಯಾದರೂ ಹುಡುಗಿ ನಕ್ಕಾಳು ಅಂದುಕೊಂಡಿದ್ದಳು.

ರಾಲಿತ್ಸಾ ಚೀಟಿ ಓದಿದಳು. ಮುಖ ಬಿಳಿಚಿಕೊಂಡಿತು. ಮುಟ್ಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅಡುಗೆಮನೆಯ ಬಾಗಿಲಿಗೆ ಬಂದು ಸಣ್ಣ ದನಿಯಲ್ಲಿ ಕೇಳಿದಳು: "ಅಜ್ಜಿ, ನನ್ನನ್ನ ಯಾವತ್ತು ಊರಿಗೆ ಕಳಿಸ್ತಾರೆ?"