ನೋಯುವ ಮೊದಲೇ ನಿಲ್ಲುವ ಹುಡುಗಿ

ಭೇರ್ಯದ ರೂಪಶ್ರೀ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅಂಗೈ ನೋಡಿಕೊಂಡು ಕಣ್ಣಿಗೊತ್ತಿಕೊಳ್ಳುತ್ತಾಳೆ. ಆಮೇಲೆ ಫೋನ್ ತೆಗೆದು, ಅದರಲ್ಲಿರುವ ಮನುಷ್ಯನ ಚಿತ್ರದ ಮೇಲೆ ತನಗೆ ನೋಯುವ ಕೀಲುಗಳನ್ನು ಒಂದೊಂದಾಗಿ ಮುಟ್ಟುತ್ತಾಳೆ. ಹಬ್ಬವಿರಲಿ, ಜ್ವರವಿರಲಿ, ಬಿಟ್ಟವಳಲ್ಲ. ಆ ನಿಧಾನ ನೋಡಿದರೆ ಪಕ್ಕದ ಮನೆಯ ನನಗೆ ಪತ್ರೆ ಏರಿಸುವವರ ನೆನಪಾಗುತ್ತದೆ.

ಹೈಸ್ಕೂಲಿನಲ್ಲಿದ್ದಾಗ ಬಂದ ಕೀಲುನೋವು ವಯಸ್ಸು ಇಪ್ಪತ್ತಾದರೂ ಹೋಗಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಡಂ ಈ ಆಪ್ ಹಾಕಿಕೊಟ್ಟರು.

ನಮ್ಮಲ್ಲಿ ನಾಟಿಗೆ ಮುಯ್ಯಾಳು. ಅವರು ನಮ್ಮ ಗದ್ದೆಗೆ ಬಂದರೆ ನಾವು ಅವರ ಗದ್ದೆಗೆ ಹೋಗಬೇಕು. ತಾಯಿ ವಿಮಲಮ್ಮನಿಗೆ ಸೊಂಟದ ಆಪರೇಷನ್ ಆದ ಮೇಲೆ ಆ ಮನೆಯಿಂದ ಹೋಗಬೇಕಾದವಳು ರೂಪಶ್ರೀಯೇ. ಹೋಗದಿದ್ದರೆ ಮತ್ತೆ ಜನರನ್ನು ಕರೆಯಲು ಮುಖವಿರುವುದಿಲ್ಲ.

ಹೋದ ವರ್ಷ ಮೈ ಹಗುರವಾಗಿದ್ದ ಒಂದು ದಿನ ಎಲ್ಲರಿಗಿಂತ ಬೇಗ ನೆಟ್ಟಳು. ಸಾಲಿನಲ್ಲಿ ತನ್ನ ಪಾಲಿನ ಪಟ್ಟೆ ನೆಡದೆ ಉಳಿಸುವುದು ನಮ್ಮ ಹೆಂಗಸರಿಗೆ ಅವಮಾನ. ಮರುದಿನ ಹಾಸಿಗೆ ಹಿಡಿದವಳು ಊರ ನಾಟಿ ಮುಗಿಯುವವರೆಗೂ ಏಳಲಿಲ್ಲ. ಫೋನಿನಲ್ಲಿ ನೋವಿನ ಗೆರೆ ಏರಿದ್ದನ್ನು ನನಗೆ ತೋರಿಸಿ, "ನೋಡಿ ಚಿಕ್ಕಮ್ಮ, ಚೆನ್ನಾಗಿರೋ ದಿನಾನೇ ನಾನು ಕೆಡೋದು," ಎಂದಳು.

ಈ ವರ್ಷ ಕೆಂಪಾಜಮ್ಮನ ಗದ್ದೆ. ನಾನೂ ಸಾಲಿನಲ್ಲಿದ್ದೆ. ನೋವು ಬರಲಿ ಬಿಡಲಿ, ಇಂತಿಷ್ಟು ಹೊತ್ತಿಗೊಮ್ಮೆ ಕೂರು, ಏಳು ಎಂದು ಎಚ್ಚರಿಸಲು ರೂಪಶ್ರೀ ಈ ಸಲ ಆಪ್‌ನಲ್ಲಿ ಹೊತ್ತು ಇಟ್ಟುಕೊಂಡು ಬಂದಿದ್ದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಚೀಲದೊಳಗೆ ಫೋನ್ ಇನ್ನೊಮ್ಮೆ ಟಿಣ್ ಎಂದಿತು. ಕೈಯಲ್ಲಿದ್ದ ಪೈರು ನೆಟ್ಟು ಬದುವಿಗೆ ನಡೆದಳು.

"ಯಾರಮ್ಮೀ ಅದು, ಗಳಿಗೆಗೊಂದ್ ಕಿತ ಕರೆಯೋನು? ಮದ್ವೆ ಗೊತ್ತಾಯ್ತಾ?" ಕೆಂಪಾಜಮ್ಮ ಕೂಗಿದರು.

"ಊಂ ಕಣತ್ತೆ. ಬಲು ಒಳ್ಳೇನು. ಕೂತ್ಕೋ ಅಂತಾನೆ, ಕಾಪಿ ಕಾಯ್ಸು ಅನ್ನಲ್ಲ."

ಗದ್ದೆಯೆಲ್ಲ ನಕ್ಕಿತು. ಅವಳು ಕಣ್ಣು ಮುಚ್ಚಿ ಮೆಲ್ಲಗೆ ಉಸಿರೆಳೆದು ಬಿಡುತ್ತಾ ಕುಳಿತಳು. ಮುಖದಲ್ಲಿ ನೋವಿರಲಿಲ್ಲ. ನೆಡುವ ಆಸೆ ಬೆರಳುಗಳಲ್ಲಿ ಆಡುತ್ತಿತ್ತು. ಆದರೂ ಕುಳಿತಳು. ಇಷ್ಟು ವರ್ಷ ದೇವರ ಮುಂದೆ ಕೂತರೂ ನನ್ನ ಮನಸ್ಸು ಹಾಗೆ ಒಂದು ಕಡೆ ನಿಂತದ್ದಿಲ್ಲ. ನೆಡುವುದು ಮರೆತು ನೋಡಿದೆ.

ಮತ್ತೆ ಟಿಣ್ ಎಂದಾಗ ಬಂದು ಸಾಲು ಸೇರಿದಳು. ದಿನವಿಡೀ ಹೀಗೇ. ಸಂಜೆ ಎಲ್ಲರ ಪಟ್ಟೆ ಮುಗಿದರೂ ಅವಳದು ಒಂದಿಷ್ಟು ಉಳಿದಿತ್ತು. ಆಗಲೇ ಫೋನ್ ಕೂಗಿತು. ಅವಳು ಬದು ಹತ್ತಿದಳು.

ಕೆಂಪಾಜಮ್ಮ ಸೆರಗು ಬಿಗಿದರು. "ಬುಡಮ್ಮೀ, ಅಷ್ಟನ್ನ ನಾವೇ ಮುಗುಸ್ತೀವಿ. ನಿನ್ ಮುಯ್ಯಿ ತೀರ್ತು ಅಂದ್ಕೋ."

ರೂಪಶ್ರೀ ಉಳಿದ ಪೈರಿನ ಕಟ್ಟುಗಳನ್ನು ಬಾಡದಂತೆ ಬದುವಿನಂಚಿನ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದಳು.

"ಬ್ಯಾಡ ಕಣತ್ತೆ. ಬೆಳಿಗ್ಗೆ ಬತ್ತೀನಿ. ಯಾರೂ ಮುಟ್ಬೇಡಿ."