ಉಜ್ಜಿದರೂ ಹೋಗದ ಕಪ್ಪು ಚುಕ್ಕೆಗಳು

ಉಣಕಲ್ ಕೆರೆಯಿಂದ ಕಿತ್ತು ದಂಡೆಗೆ ಹಾಕಿದ ಕಳೆಯ ರಾಶಿ ಅರ್ಧ ಒಣಗಿದಾಗ ಒಂದು ವಾಸನೆ ಬರುತ್ತದೆ. ವಾಕಿಂಗಿಗೆ ಬಂದವರೆಲ್ಲ ಮೂಗು ಮುಚ್ಚಿಕೊಂಡು ಬಿರಬಿರನೆ ದಾಟುತ್ತಾರೆ. ಹೋದ ವಾರ ನಾನು ಅಲ್ಲೇ ನಿಂತುಬಿಟ್ಟೆ. ಎರಡು ಸಲ ಉಸಿರನ್ನೂ ಎಳೆದುಕೊಂಡೆ. ಜೊತೆಗಿದ್ದ ಗೆಳತಿ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಹಸಿ ಕೆಸರು, ಪಾಚಿ, ಸ್ವಲ್ಪ ಮೀನು... ಥೇಟ್ ನಮ್ಮ ಪ್ರಯೋಗಶಾಲೆಯ ಗಾಜಿನ ತೊಟ್ಟಿಯ ವಾಸನೆ. ಅದರ ಹಿಂದೆಯೇ ಕಾಕಾ ನೆನಪಾದರು.

ಧಾರವಾಡದ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ ಅವರು ನಮ್ಮ ವಿಭಾಗದ ಅಟೆಂಡರ್. ಹುಟ್ಟಿದ್ದು ಹೆಬ್ಬಳ್ಳಿಯ ಒಕ್ಕಲುತನದ ಮನೆಯಲ್ಲಿ, ಇರುತ್ತಿದ್ದುದು ಉಣಕಲ್ಲಿನಲ್ಲಿ. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಖಾಕಿ ಅಂಗಿಗೆ ಫಾರ್ಮಲಿನ್ ವಾಸನೆ. ಮೂಲೆಯಲ್ಲಿ ತೂಗುಹಾಕಿದ್ದ ಅಸ್ಥಿಪಂಜರವನ್ನು ‘ಅಜ್ಜಾರು’ ಎಂದು ಕರೆಯುತ್ತಿದ್ದರು. ಅಜ್ಜಾರ ಮೈಮೇಲಿನ ಧೂಳು ಒರೆಸದೆ ಅವರ ದಿನವೇ ಶುರುವಾಗುತ್ತಿರಲಿಲ್ಲ.

ನಾನು ಹುಚ್ಚಿಗೆ ಬಿದ್ದಿದ್ದು ಬ್ರಯೊಜೋವಾ ಎಂಬ ಪಾಚಿಪ್ರಾಣಿಗಳ ಹಿಂದೆ. ಉಣಕಲ್ ಕೆರೆಯಲ್ಲಿ ಬಿದ್ದಿದ್ದ ಒಂದು ಒಡಕು ಮನೆಹಂಚಿನ ಮೇಲೆ ಕಂದು ಬಣ್ಣದ ಎಳೆಗಳು ಕವಲೊಡೆದು ಹಬ್ಬಿದ್ದವು. ಬರಿಗಣ್ಣಿಗೆ ಹೊಲಸು. ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದು ಊರು! ಕೊಳವೆಗೊಂದು ಜೀವಿ, ಜೀವಿಗೊಂದು ಎಳೆಎಳೆಯ ಕಿರೀಟ. ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡೇ ಬಾಳುವವರು. ಇವರ ಸಂತಾನದ ಉಪಾಯಗಳನ್ನು ಓದುತ್ತ ಖುಷಿಯಲ್ಲಿ ಊಟವನ್ನೇ ಮರೆಯುತ್ತಿದ್ದೆ. ಮೈಯಿಂದಲೇ ಮೊಗ್ಗೊಡೆದು ಪಕ್ಕದ ಮನೆ ಕಟ್ಟುತ್ತವೆ. ಕಾಲ ಬಂದಾಗ ತತ್ತಿಯನ್ನೂ ಮಾಡುತ್ತವೆ. ಆ ಮರಿ ಕೆಲವೇ ತಾಸು ಈಜಿ ಎಲ್ಲಾದರೂ ಕೂತು ಹೊಸ ಊರು ಹೂಡುತ್ತದೆ. ಇಷ್ಟನ್ನು ಸಮುದ್ರದ ಬಳಗವೂ ಮಾಡುತ್ತದೆ. ಆದರೆ ಸಮುದ್ರ ಬತ್ತುವುದಿಲ್ಲ, ಕೆರೆ ಬತ್ತುತ್ತದೆ. ಸಿಹಿನೀರಿಗೆ ಬಂದ ಈ ಪಂಗಡ ಅದಕ್ಕಾಗಿ ಕಾಲಾಂತರದಲ್ಲಿ ಇನ್ನೊಂದು ದಾರಿ ಕಂಡುಕೊಂಡಿತು: ಗಟ್ಟಿ ಚಿಪ್ಪಿನೊಳಗೆ ಜೀವವನ್ನು ಮಲಗಿಸಿಡುವ ಬೀಜ. ಅದರಲ್ಲೂ ಎರಡು ಜಾತಿ. ಒಂದಕ್ಕೆ ಗಾಳಿ ತುಂಬಿದ ಅಂಚು, ತೇಲಿ ಹೋಗುತ್ತದೆ. ಇನ್ನೊಂದು ತಾಯಿ ಇದ್ದಲ್ಲೇ ಅಂಟಿಕೊಂಡು ಕೂರುತ್ತದೆ. ತೇಲುವುದನ್ನು ನಾನು ಚಹಾದ ಸೋಸಣಿಗೆಯಲ್ಲಿ ಹಿಡಿದು ಎಣಿಸಿದ್ದೆ. ಅಂಟಿಕೊಳ್ಳುವುದನ್ನು ಓದಿದ್ದೆನೇ ಹೊರತು ಕಂಡಿರಲಿಲ್ಲ.

ಆ ಹಂಚು ನನ್ನ ಪ್ರಾಜೆಕ್ಟಿನ ಜೀವ. ಹೊರಗಿನಿಂದ ಬರುವ ಪರೀಕ್ಷಕರಿಗೆ ಜೀವಂತ ಸಮೂಹವನ್ನೇ ತೋರಿಸಬೇಕಿತ್ತು. ಖಂಡೆ ಪೂಜೆಯ, ಅಂದರೆ ದಸರೆಯ ಆಯುಧಪೂಜೆಯ, ಬೆಳಿಗ್ಗೆ ಪ್ರಯೋಗಶಾಲೆಗೆ ಹೋದರೆ ಸೂಕ್ಷ್ಮದರ್ಶಕ, ತಕ್ಕಡಿ, ಕತ್ತರಿ, ಚಿಮಟಗಳೆಲ್ಲ ಸಾಲಾಗಿ ಮಿರಮಿರ ಮಿಂಚುತ್ತಿವೆ. ಅಜ್ಜಾರ ಕೊರಳಲ್ಲಿ ಚೆಂಡುಹೂವಿನ ಮಾಲೆ. ಆ ಸಾಲಿನ ಕೊನೆಗೆ ನನ್ನ ಹಂಚು. ತೆಂಗಿನ ನಾರಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ ಇಟ್ಟಿದ್ದಾರೆ ಕಾಕಾ; ಕಂದು ಎಳೆ ಒಂದೂ ಉಳಿದಿಲ್ಲ. ದಿನವೂ ನಾನು ಕೆಲಸಕ್ಕೆ ಹಿಡಿಯುತ್ತಿದ್ದ ವಸ್ತು ಅದು. ಪೂಜೆಯಿಂದ ಅದೊಂದನ್ನೇ ಹೇಗೆ ಹೊರಗಿಡುವುದು ಎಂಬುದು ಅವರ ಲೆಕ್ಕ. ಇವತ್ತು ನಗು ಬರುತ್ತದೆ. ಅವತ್ತು ಎಲ್ಲರೆದುರು ಚೀರಿದೆ.

“ನಿಮಗೇನ್ ತಿಳೀತೈತ್ರಿ ಇದರಾಗ? ಕಸಬರಿಗಿ ಹಿಡಿಯೋದು ಬಿಟ್ಟು ಇದನ್ಯಾಕ ಮುಟ್ಟಿದ್ರಿ?”

ಅಪ್ಪನ ವಯಸ್ಸಿನವರಿಗೆ ಹಾಗೆ ಅಂದೆ. ಅವರು ಕೈಯಲ್ಲಿದ್ದ ಊದಿನಕಡ್ಡಿಯನ್ನು ಮೆಲ್ಲಗೆ ಸಿಕ್ಕಿಸಿ ಹೊರಗೆ ಹೋದರು.

ಮರುದಿನ ಬನ್ನಿ. ನಮ್ಮ ಕಡೆ ಆ ಸಂಜೆ ಬನ್ನಿ ಎಲೆ ಕೊಟ್ಟುಕೊಂಡು ವರ್ಷದ ಜಗಳವನ್ನೆಲ್ಲ ಮುಗಿಸುವುದು ರೂಢಿ, ಮತ್ತು ಹಿರಿಯರ ಮನೆಗೆ ಕಿರಿಯರು ಹೋಗಬೇಕು. ನಾನು ಹೋಗಲಿಲ್ಲ. ಅವರೇ ನವನಗರದ ನಮ್ಮ ಮನೆಗೆ ಬಂದರು. ಬಂಗಾರದಂಗ ಇರೂಣು ಎಂದು ಎಲೆ ಚಾಚಿದರು. ಎರಡು ಬೆರಳಲ್ಲಿ ಇಸಿದುಕೊಂಡೆ. ಕಾಲು ಮುಟ್ಟದೆ ಒಳಗೆ ಹೋದೆ. ಅವ್ವ ಚಹಾ ಕೊಟ್ಟು ಕಳಿಸಿದಳು...

ರಜೆ ಮುಗಿದ ಮೇಲೆ ಕೆರೆಯ ದಂಡೆಯನ್ನೆಲ್ಲ ಜಾಲಾಡಿದೆ. ಇನ್ನೊಂದು ಸಮೂಹ ಸಿಗಲಿಲ್ಲ. ವಿಷಯ ಬದಲಿಸು, ಜಿರಲೆ ತಗೊ ಎಂದರು ಗೈಡ್. ಜಿರಲೆ! ಅತ್ತುಕೊಂಡು ಅರ್ಜಿ ಬರೆಯುತ್ತಿದ್ದ ದಿನವೇ ಕಾಕಾ ತರಗತಿಯ ಬಾಗಿಲಿಗೆ ಬಂದು ಕೈ ಮಾಡಿದರು.

“ಯವ್ವಾ, ಲಗೂ ಬಾ. ನಿನ್ನ ಹಂಚಿನ ಮ್ಯಾಲೆ ಏನೋ ಬಾಯಿ ತಗದೈತಿ.”

ಓಡಿದೆ. ಗಾಜಿನ ತೊಟ್ಟಿಯಲ್ಲಿ ಹಂಚು ಮುಳುಗಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಕಪ್ಪು ಚುಕ್ಕೆಯೊಂದು ಕುಂಕುಮದ ಭರಣಿಯಂತೆ ಎರಡು ಹೋಳಾಗಿದೆ, ನಡುವಿನಿಂದ ಗಾಜಿನಂಥ ಜೀವವೊಂದು ಮೇಲೆ ಏಳುತ್ತಿದೆ! ನಾವು ನೋಡುತ್ತಿದ್ದಂತೆ ಎಳೆಗಳು ಒಂದೊಂದಾಗಿ ಬಿಚ್ಚಿ ಲಾಳದ ಆಕಾರದ ಕಿರೀಟ ಅರಳಿತು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಮತ್ತೆರಡು. ಬೆಂಚು ಬಡಿದು ಕುಣಿದೆ. ಪುಸ್ತಕದಲ್ಲಿದ್ದ ಅಂಟುಬೀಜ ನನ್ನ ಕಣ್ಣೆದುರೇ ಮೊಳೆತಿತ್ತು. ಆಮೇಲೆ, ಅಷ್ಟು ಹೊತ್ತಾದ ಮೇಲೆ, ನೀರಿಗೆ ಹಾಕಿದವರು ಯಾರೆಂದು ಕೇಳಿದೆ.

“ತೊಳಿಯು ಮುಂದ ನೋಡಿದ್ನೆವಾ,” ಎಂದರು. “ಕರೇ ಚುಕ್ಕಿ ಇದ್ವು. ಹೊಲಸಾಗಿದ್ರ ಉಜ್ಜಿದ್ರ ಹೋಗತಿದ್ವು. ಹೋಗಲಿಲ್ಲ. ಯಾರೋ ಗಟ್ಟಿ ಹಿಡಕೊಂಡು ಕುಂತಾರ ಅನಿಸ್ತು.”

ಬನ್ನಿಯ ಮರುದಿನದಿಂದ ಅವರು ಉಣಕಲ್ ಕೆರೆಯ ನೀರನ್ನು ಕ್ಯಾನಿನಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ರಜೆಯಲ್ಲೂ. ಎರಡು ಬಗೆಯ ಬೀಜದ ಸಂಗತಿ ಹೇಳಿದರೆ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಹೆಬ್ಬಳ್ಳಿಯಲ್ಲಿ ಜೋಳ ಬಂದರೆ ಒಂದಿಷ್ಟು ಹೊರಗೆ ಹೋಗುತ್ತದೆ, ಒಂದಿಷ್ಟನ್ನು ನೆಲದೊಳಗಿನ ಹಗೇವಿಗೆ ಹಾಕಿ ಮುಚ್ಚುತ್ತಾರೆ, ಒಂದನ್ನೇ ನಂಬಿ ಯಾರು ಕೂರುತ್ತಾರೆ ಎಂದರು.

ಪರೀಕ್ಷಕರು ಬಂದರು. ಸೂಕ್ಷ್ಮದರ್ಶಕದಿಂದ ತಲೆ ಎತ್ತಲೇ ಒಲ್ಲರು. ಹಂಚನ್ನು ಉಜ್ಜಿ, ಒಣಗಿಸಿ, ಮತ್ತೆ ನೆನೆಸುವ ವಿಚಾರ ಹೇಗೆ ಹೊಳೆಯಿತು ಎಂದು ಕೇಳಿದರು. ಕೆರೆ ಬತ್ತಿದರೆ ಏನಾಗುತ್ತದೆಂದು ಪರೀಕ್ಷೆ ಮಾಡಿದೆ ಸರ್ ಎಂದೆ. ಸಿಂಕಿನ ಹತ್ತಿರ ಕಾಕಾ ಸ್ಲೈಡು ತೊಳೆಯುತ್ತಿದ್ದರು. ನಳದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ವರದಿಯ ಕೃತಜ್ಞತೆಯ ಪುಟದಲ್ಲಿ ಗೈಡ್, ಪ್ರಿನ್ಸಿಪಾಲರು, ಅಪ್ಪ, ಅವ್ವ, ಗೆಳತಿಯರು ಎಲ್ಲ ಇದ್ದಾರೆ. ಕಾಕಾ ಇಲ್ಲ. ಅದನ್ನು ಬೈಂಡಿಂಗಿಗೆ ಒಯ್ದು ತಂದವರೂ ಅವರೇ. “ಛಲೋ ಆತು ನೋಡವಾ,” ಎಂದು ಕೈಗೆ ಕೊಟ್ಟರು. ನಾಚಿಕೆಯಾಗಿತ್ತು, ಆದರೂ ವರದಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಮುಂದೆ ನಾನೂ ಪ್ರಾಣಿಶಾಸ್ತ್ರದ ಮೇಡಂ ಆದೆ. ಆ ಹಂಚಿನ ಕಥೆಯನ್ನು ಪ್ರತಿ ವರ್ಷ ನನ್ನದೇ ಜಾಣತನವೆಂಬಂತೆ ಹೇಳುತ್ತ ಬಂದೆ.

ಕೆರೆಯ ದಂಡೆಯಿಂದ ಬಂದ ಮರುದಿನ ತರಗತಿಯಲ್ಲಿ ಮೊದಲ ಸಲ ಸರಿಯಾಗಿ ಹೇಳಿದೆ. ತಪ್ಪಾಗಿ ತೊಳೆದವರು ಅವರು, ಚುಕ್ಕೆ ಕಂಡವರು ಅವರು, ನೀರು ಹೊತ್ತವರು ಅವರು; ನಾನು ಬೈದಿದ್ದೆ, ಆಮೇಲೆ ನೋಡಿದ್ದೆ, ಅಷ್ಟೇ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣರಳಿಸಿ ಕೇಳುತ್ತಿದ್ದವಳು ಕೈ ಎತ್ತಿದಳು.

“ಇದನ್ನ ಅವರ ಮುಂದ ಹೇಳೀರೇನ್ರಿ, ಮೇಡಂ?”

ಕಾಕಾ ತೀರಿಕೊಂಡು ಒಂಬತ್ತು ವರ್ಷವಾಯಿತು. ನಿವೃತ್ತಿಯಾದ ಮೇಲೂ ಬಹಳ ವರ್ಷ ಇದ್ದರು. ನಮ್ಮ ಮನೆಯಿಂದ ಅವರ ಮನೆಗೆ ಆಟೋದಲ್ಲಿ ಹತ್ತು ನಿಮಿಷದ ದಾರಿ.